ಮುಡಿಪು ಎಂದು ಬರೆಯುವ ಮೊದಲು

ಪ್ರೀತಿಯ ತಂಗೀ,

ಕಥೆ ಓದಿದೆ. ‘ಮೇಷ್ಟ್ರು ಇಡೀ ಬದುಕನ್ನು ಊರಿನ ಶಾಲೆಗೆ ಮುಡಿಪಾಗಿಟ್ಟರು’ ಎಂಬ ಸಾಲಿಗೆ ಗೀಟು ಹಾಕಿದ್ದೇನೆ. ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಶ್ರದ್ಧಾಂಜಲಿ ಸಭೆಗಳಲ್ಲಿ ಸವೆದೂ ಸವೆದೂ ‘ಮುಡಿಪು’ ಎಂಬ ಪದದೊಳಗಿನ ಗಂಟು ಈಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಗಂಟು ಅಂದದ್ದು ಸುಮ್ಮನೆ ಅಲ್ಲ. ಎತ್ತಿ ಕಟ್ಟಿದ ಕೂದಲು ಮುಡಿ. ಕರಾವಳಿಯಲ್ಲಿ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯೂ ಮುಡಿಯೇ. ಮುಡಿಪು ಅದೇ ಬೇರಿನದು, ದೇವರ ಹೆಸರಲ್ಲಿ ಕಟ್ಟಿಟ್ಟ ಗಂಟು. ತಮಿಳಿನಲ್ಲಿ ಮುಡಿಪ್ಪು, ತೆಲುಗಿನಲ್ಲಿ ಮುಡುಪು. ಸಂಸ್ಕೃತದ ಹಂಗಿಲ್ಲದ ದ್ರಾವಿಡ ಮಾತು.

ತಿರುಪತಿ ತಿಮ್ಮಪ್ಪನ ಒಕ್ಕಲಿನ ಮನೆಗಳಲ್ಲಿ ನೋಡಿರುತ್ತೀಯ. ಬಟ್ಟೆಯ ತುಂಡನ್ನು ಅರಿಸಿನದ ನೀರಲ್ಲಿ ಅದ್ದಿ ಒಣಗಿಸಿ, ನಾಣ್ಯ ಇಟ್ಟು ಗಂಟು ಹಾಕಿ ದೇವರ ಮುಂದೆ ಇಡುತ್ತಾರೆ. ಮಗುವಿನ ಜ್ವರ ಇಳಿಯಲಿ, ಮಗಳಿಗೆ ಗಂಡು ಕೂಡಿಬರಲಿ, ಕಾರಣ ಯಾವುದೋ ಒಂದು. ಬೆಟ್ಟ ಹತ್ತಿ ಹುಂಡಿಗೆ ಬೀಳುವವರೆಗೆ ಆ ಗಂಟು ಮನೆಯಲ್ಲೇ ಇರುತ್ತದೆ, ಆದರೆ ಮನೆಯವರದಲ್ಲ. ರೇಷನ್ನಿಗೆ ಕಾಸಿಲ್ಲದ ದಿನವೂ ಕೈ ಹಾಕುವಂತಿಲ್ಲ. ತಿಮ್ಮಪ್ಪನಿಗೆ ತೆಲುಗರು ‘ವಡ್ಡಿಕಾಸುಲವಾಡು’ ಅನ್ನುತ್ತಾರೆ, ಬಡ್ಡಿಕಾಸಿನವನು ಅಂತ. ಮದುವೆಗೆಂದು ಕುಬೇರನ ಹತ್ತಿರ ಸಾಲ ಮಾಡಿದ ದೇವರಲ್ಲವೇ, ಬಾಕಿ ಬಿಡುವ ಪೈಕಿ ಅಲ್ಲ!

ಹರಕೆ ಹುಟ್ಟುವುದು ಬಾಯಲ್ಲಿ. ಕಾಣಿಕೆ ಒಪ್ಪಿಸುವುದು ದೇವರನ್ನು ಕಂಡಾಗ. ಮುಡಿಪು ಇವೆರಡರ ನಡುವಿನ ಕಾಲದ್ದು: ಹೇಳಿ ಆಗಿದೆ, ಇನ್ನೂ ಕೊಟ್ಟಿಲ್ಲ. ಕಥೆ ಬರೆಯುವವಳಿಗೆ ದಕ್ಕಬೇಕಾದ್ದು ಈ ನಡುವಿನ ಕಾಲವೇ. ನೀನೋ ಮೇಷ್ಟ್ರನ್ನು ಸೀದಾ ಹುಂಡಿಯ ಮುಂದೆ ತಂದು ನಿಲ್ಲಿಸಿಬಿಟ್ಟಿದ್ದೀಯ. ಅವರ ಕೈಗೆ ಎಟುಕುವಂತಿದ್ದೂ ಮುಟ್ಟದೆ ಬಿಟ್ಟದ್ದು ಏನು?

ಉತ್ತರ ನಿನ್ನ ಕರಡಿನಲ್ಲೇ ಇದೆ. ಮೇಷ್ಟ್ರ ಹೆಂಡತಿ ಸೋರುವ ಮಾಡಿನ ಕೆಳಗೆ ಪಾತ್ರೆ ಇಡುತ್ತಾಳೆ. ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅದೇ ಮಳೆಗಾಲದಲ್ಲಿ ಶಾಲೆಯ ಹೆಂಚಿಗೆಂದು ಊರವರು ಕೂಡಿಸಿದ ದುಡ್ಡು ಮೇಷ್ಟ್ರ ಪೆಟ್ಟಿಗೆಯಲ್ಲೇ ಇತ್ತಲ್ಲ? ಅವಳಿಗೆ ಗೊತ್ತಿತ್ತೆ? ಕೇಳಿದಳೆ? ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇತ್ತು? ಆ ರಾತ್ರಿಯನ್ನು ಪೂರ್ತಿ ಬರೆ. ಬರೆದಾದ ಮೇಲೆ, ನಾನು ಗೀಟು ಹಾಕಿದ ಸಾಲು ಇರಬೇಕೋ ಬೇಡವೋ ನೀನೇ ನೋಡಿಕೋ. ವಿಶೇಷಾಂಕಕ್ಕೆ ಕಳಿಸುವ ಆತುರ ಬೇಡ.

ನಿನ್ನ ಅಕ್ಕ