ಮೂರು ಹೆಜ್ಜೆ ಹಿಂದಕ್ಕೆ

ಆತ್ಮೀಯ ಓದುಗರೇ,

ಹೋದ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್‌ಗೆ ಎರಡು ದಿನ ಮುಂಚೆ, ಇಲ್ಲಿ ಅಮೆರಿಕದ ನಮ್ಮೂರಿನಲ್ಲಿ, ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಸರ್ವಧರ್ಮ ಪ್ರಾರ್ಥನೆ ಇತ್ತು. ನಮ್ಮ ಕನ್ನಡ ಸಂಘದಿಂದ ಆರು ಜನ ಹೋಗಿದ್ದೆವು. ಬಾಗಿಲಲ್ಲಿ ಪೊಲೀಸ್ ಕಾರು ನಿಂತಿತ್ತು. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ ಬೆಳಗಿನ ಪ್ರಾರ್ಥನೆಗೆ ಬಂದ 11 ಜನರನ್ನು ಒಬ್ಬ ಗುಂಡಿಟ್ಟು ಕೊಂದಿದ್ದು ನಿಮಗೂ ನೆನಪಿರಬೇಕು. ಅಂಥ ಭಯ ಇಟ್ಟುಕೊಂಡೂ ಅವತ್ತು ಅವರು ಊರಿನವರಿಗೆಲ್ಲ ಬಾಗಿಲು ತೆರೆದಿದ್ದರು.

ಅಲ್ಲಿ ನೋಡಿದ ಒಂದು ವಿಷಯ ಇನ್ನೂ ಕಣ್ಣ ಮುಂದಿದೆ. ನಿಂತು ಮಾಡುವ ಹೀಬ್ರೂ ಪ್ರಾರ್ಥನೆಯ ಕೊನೆಗೆ ಅವರು ಮೂರು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಆಮೇಲೆ ಮುಂದಕ್ಕೆ ಬಾಗಿ ಶಾಂತಿ ಬೇಡುತ್ತಾರೆ. ನಮ್ಮ ಅಜ್ಜಿ ದೇವರಿಗೆ ಬೆನ್ನು ತೋರಿಸದೆ ಗರ್ಭಗುಡಿಯಿಂದ ಹಿಂದೆ ಸರಿಯುತ್ತಿದ್ದದ್ದು ನೆನಪಾಯಿತು. ಹಳೆಯ ಪಾಠದಲ್ಲಿ ಶಾಂತಿ ಕೇಳುವುದು ನಮಗೆ ಮತ್ತು ಇಸ್ರಾಯೇಲ್ ಜನಕ್ಕೆಲ್ಲ, ಅಂದರೆ ಯೆಹೂದಿಗಳಿಗೆಲ್ಲ. ಈಗ ಎಷ್ಟೋ ಸಿನಗಾಗ್‌ಗಳಲ್ಲಿ "ಭೂಮಿಯ ಮೇಲಿರುವ ಎಲ್ಲರಿಗೂ" ಅಂತ ಸೇರಿಸಿ ಹೇಳುತ್ತಾರೆ. ಸೇರಿದ್ದು ಹೀಬ್ರೂವಿನ ನಾಲ್ಕೇ ಪದ, ಆದರೆ ಎಷ್ಟು ಜನ ಒಳಗೆ ಬಂದರು ನೋಡಿ!

ಎಲ್ಲ ಯೆಹೂದಿಗಳೂ ಇಂಥ ಕೂಟ ಒಪ್ಪುವುದಿಲ್ಲ. 1964ರಲ್ಲಿ ರಬ್ಬಿ (ಯೆಹೂದಿ ಧರ್ಮಗುರು) ಜೋಸೆಫ್ ಸೊಲೊವೈಚಿಕ್ ಅನ್ನುವ ದೊಡ್ಡ ವಿದ್ವಾಂಸರು, ನಂಬಿಕೆ ಎನ್ನುವುದು ದೇವರಿಗೂ ಒಂದು ಸಮುದಾಯಕ್ಕೂ ನಡುವಿನ ಒಳಮಾತು, ಅದನ್ನು ಧರ್ಮಧರ್ಮಗಳ ಚರ್ಚೆಗೆ ಇಡಬೇಡಿ, ಆದರೆ ಸಮಾಜದ ಕಷ್ಟಗಳಿಗೆ ಜೊತೆಯಾಗಿ ದುಡಿಯಿರಿ ಎಂಬರ್ಥದಲ್ಲಿ ಬರೆದರು. ನನಗೆ ಇದು ಸರಿ ಅನ್ನಿಸುತ್ತದೆ. ಎಲ್ಲ ದೇವರ ಹೆಸರನ್ನೂ ಕಲಸಿ ಒಂದೇ ಹಾಡು ಹಾಡಿಸೋಣ ಎಂದು ಮೊದಲು ನಾನೇ ಹೇಳುತ್ತಿದ್ದೆ, ಈಗ ಹೇಳುವುದಿಲ್ಲ. ಅವರವರದ್ದು ಅವರವರು ಹೇಳಲಿ, ಉಳಿದವರು ಪಕ್ಕದಲ್ಲಿ ಸುಮ್ಮನೆ ನಿಂತು ಕೇಳಲಿ.

ಸಮಾಜಕ್ಕಾಗಿ ಮಾಡುವ ಇಂಥ ಕೆಲಸಕ್ಕೆ ಅವರಲ್ಲಿ ಒಂದು ಹೆಸರಿದೆ, ಟಿಕ್ಕುನ್ ಓಲಾಮ್. ಲೋಕದ ರಿಪೇರಿ ಅನ್ನಬಹುದು. ಕೇಳಲು ಭಾರೀ ಮಾತು, ಅಲ್ವಾ? ಆದರೆ ಹಳೆಯ ಧರ್ಮಶಾಸ್ತ್ರವಾದ ಮಿಶ್ನಾದಲ್ಲಿ ಇದು ಬರುವುದು ಸಾಲದ ಪತ್ರದಂಥ ವಿಷಯದಲ್ಲಿ. ಏಳನೇ ವರ್ಷ ಸಾಲ ಮನ್ನಾ ಎಂಬ ನಿಯಮವಿತ್ತು. ಆ ವರ್ಷ ಹತ್ತಿರ ಬಂದರೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸುತ್ತಿದ್ದರು, ಬಡವರಿಗೆ ಬೀಜಕ್ಕೂ ಕಾಸು ಹುಟ್ಟುತ್ತಿರಲಿಲ್ಲ. ಸುಮಾರು 2000 ವರ್ಷಗಳ ಹಿಂದೆ ಹಿಲ್ಲೆಲ್ ಎಂಬ ಗುರು, ಸಾಲವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸುವ ಒಂದು ಪತ್ರ ಮಾಡಿದರೆ ಅದು ಮನ್ನಾ ಆಗುವುದಿಲ್ಲ ಎಂದು ದಾರಿ ತೋರಿಸಿದ. ಲೋಕದ ರಿಪೇರಿಗಾಗಿಯೇ ಹಾಗೆ ಮಾಡಿದ ಎನ್ನುತ್ತದೆ ಮಿಶ್ನಾ. ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯಲು ಬರುವ ಬಡವರು ಬೇರೆ ಜನಾಂಗದವರಾದರೂ ತಡೆಯಬೇಡಿ, ಅದು ಶಾಂತಿಯ ದಾರಿ ಎನ್ನುವ ಮಾತೂ ಅಲ್ಲೇ ಇದೆ. ಹಕ್ಕಲು ಆಯ್ದ ಮನೆಗಳಿಂದ ಬಂದವರು ನಮ್ಮಲ್ಲೂ ಇದ್ದೀರಿ, ಇದರ ಬೆಲೆ ನಿಮಗೆ ಗೊತ್ತು.

ಇನ್ನೊಂದು ಮಾತಂತೂ ಪರದೇಶದಲ್ಲಿರುವ ನಮಗೇ ಬರೆದ ಹಾಗಿದೆ. ಬಾಬಿಲೋನಿಗೆ ಸೆರೆ ಹೋದ ತನ್ನ ಜನರಿಗೆ ಪ್ರವಾದಿ ಯೆರೆಮೀಯ ಕಾಗದ ಬರೆದ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ. ಎಳೆದುಕೊಂಡು ಹೋದವರ ಊರಿಗೂ ಒಳಿತು ಕೇಳಿ ಅಂದವನು ಅವನು. ನಾವು ಇಷ್ಟಪಟ್ಟು ಬಂದವರು. ರಾಜ್ಯೋತ್ಸವದ ವೇದಿಕೆಯಲ್ಲಿ ಈ ಊರಿನ ಹೆಸರು ಹಿಡಿದು ನಾವು ಒಂದು ದಿನವಾದರೂ ಪ್ರಾರ್ಥಿಸಿದ್ದೇವಾ? ಈ ಸಲ ನಾಡಗೀತೆಯಾದ ಮೇಲೆ ಎರಡು ನಿಮಿಷ ಅದಕ್ಕೆ ಇಡೋಣ ಎಂದು ಸಮಿತಿಯನ್ನು ಕೇಳಿದ್ದೇನೆ.

ಸಿನಗಾಗ್‌ನ ನೆಲಮಾಳಿಗೆಯಲ್ಲಿ ತಿಂಗಳ ಎರಡನೇ ಭಾನುವಾರ ಇಲ್ಲದವರಿಗೆ ದಿನಸಿ ಹಂಚುವ ಫುಡ್ ಪ್ಯಾಂಟ್ರಿ ನಡೆಯುತ್ತದೆ. ಚರ್ಚಿನವರು, ಮಸೀದಿಯವರು ಆಗಲೇ ಬರುತ್ತಿದ್ದಾರೆ. ಮುಂದಿನ ತಿಂಗಳಿಂದ ನಾವೂ ಹೋಗುತ್ತೇವೆ. ಅಕ್ಕಿ, ಬೇಳೆ ಜಾಸ್ತಿ ಬೇಕಂತೆ. ಬರುವವರು ನನಗೆ ಹೆಸರು ಕೊಡಿ, ಮಕ್ಕಳನ್ನೂ ಕರೆತನ್ನಿ. ಡಬ್ಬಗಳ ಮೇಲಿನ ತಾರೀಖು ನೋಡಿ ಬೇರೆ ಮಾಡಲು ಅವರ ಕಣ್ಣೇ ಚುರುಕು.