ಹಿಮೋಫಿಲಿಯಾ: ಮನವಿ ಸಾಕು, ಇಂಡೆಂಟ್ ತೋರಿಸಿ

ಮಾನ್ಯರೇ,

ಏಪ್ರಿಲ್ 17, ವಿಶ್ವ ಹಿಮೋಫಿಲಿಯಾ ದಿನ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇದು; ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ‘ಫ್ಯಾಕ್ಟರ್’ ಅನ್ನು ಚುಚ್ಚುಮದ್ದಾಗಿ ಕೊಡಬೇಕಾಗುತ್ತದೆ. ಅಂದಿನ ಸಭೆಗಳಲ್ಲಿ ‘ಜಿಲ್ಲಾಸ್ಪತ್ರೆಯಲ್ಲಿ ಫ್ಯಾಕ್ಟರ್ ಸದಾ ಸಿಗಲಿ’ ಎಂಬ ಬೇಡಿಕೆಯೂ ತಪ್ಪುವುದಿಲ್ಲ, ‘ಪರಿಶೀಲಿಸುತ್ತೇವೆ’ ಎಂಬ ಉತ್ತರವೂ ತಪ್ಪುವುದಿಲ್ಲ. ಯಾವ ಫ್ಯಾಕ್ಟರ್, ಎಷ್ಟು ಯೂನಿಟ್, ಎಂದಿನೊಳಗೆ, ಯಾವ ಅಧಿಕಾರಿಯ ಹೊಣೆ ಎಂಬುದು ನಡವಳಿಯಲ್ಲಿ ದಾಖಲಾಗದಿದ್ದರೆ ಮುಂದಿನ ಏಪ್ರಿಲ್‌ಗೂ ಅದೇ ಮನವಿ, ಅದೇ ಫೋಟೊ.

ಎಷ್ಟು ಬೇಕೆಂಬ ಲೆಕ್ಕ ಕಷ್ಟದ್ದಲ್ಲ. ಕೆ.ಜಿ. ತೂಕಕ್ಕೆ ಒಂದು ಯೂನಿಟ್ ಫ್ಯಾಕ್ಟರ್ 8 (‘ಎ’ ವಿಧದ ಹಿಮೋಫಿಲಿಯಾಕ್ಕೆ ಬೇಕಾದದ್ದು) ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇ 2ರಷ್ಟು ಏರುತ್ತದೆ. 50 ಕೆ.ಜಿ. ತೂಗುವವರ ಮಂಡಿಯೊಳಗೆ ರಕ್ತಸ್ರಾವವಾಗಿ, ಮಟ್ಟವನ್ನು ಶೇ 40 ಏರಿಸಬೇಕಾದರೆ ಒಂದು ಸಲಕ್ಕೆ 1,000 ಯೂನಿಟ್ ಬೇಕು. ‘ಬಿ’ ವಿಧಕ್ಕೆ ಬೇಕಾದ ಫ್ಯಾಕ್ಟರ್ 9ರಲ್ಲಿ ಏರಿಕೆ ಶೇ 1ರಷ್ಟೇ. ಅಷ್ಟೇ ಏರಿಸಲು 2,000 ಯೂನಿಟ್. ಎರಡನ್ನೂ ಬರೀ ‘ಫ್ಯಾಕ್ಟರ್’ ಎಂದು ಬರೆದುಕೊಟ್ಟರೆ ಪೆಟ್ಟು ಬೀಳುವುದು ‘ಬಿ’ ವಿಧದ ರೋಗಿಗಳಿಗೆ. ಇನ್‌ಹಿಬಿಟರ್ (ಕೊಟ್ಟ ಫ್ಯಾಕ್ಟರನ್ನೇ ನಿಷ್ಕ್ರಿಯಗೊಳಿಸುವ ಪ್ರತಿಕಾಯ) ಬೆಳೆದವರಿಗಂತೂ ಮಾಮೂಲಿ ಫ್ಯಾಕ್ಟರ್ ಸಾಕಷ್ಟು ನಾಟದು. ಅವರಿಗೆ, ಆ ಫ್ಯಾಕ್ಟರ್‌ನ ನೆರವಿಲ್ಲದೆಯೇ ರಕ್ತ ಹೆಪ್ಪುಗಟ್ಟಿಸುವ ಬೈಪಾಸಿಂಗ್ ಔಷಧವನ್ನು ಬೇರೆಯಾಗಿಯೇ ಕೇಳಬೇಕು.

ದೊಡ್ಡ ಎಡವಟ್ಟು ಇರುವುದು ಔಷಧಕ್ಕಾಗಿ ಆಸ್ಪತ್ರೆ ಸಲ್ಲಿಸುವ ಬೇಡಿಕೆ ಪಟ್ಟಿಯಾದ ಇಂಡೆಂಟ್‌ನಲ್ಲಿ. ಹಿಂದಿನ ವರ್ಷದ ಖರ್ಚು ನೋಡಿ ಮುಂದಿನ ವರ್ಷಕ್ಕೆ ಬೇಡಿಕೆ ಇಟ್ಟರೆ, ದಾಸ್ತಾನೇ ಇರದ ತಿಂಗಳುಗಳ ಖರ್ಚು ಸೊನ್ನೆ ಎಂದೇ ತೋರುತ್ತದೆ. ಕೊರತೆಯೇ ಮುಂದಿನ ಕೊರತೆಗೆ ಆಧಾರವಾಗುತ್ತದೆ! ಬರಿಗೈಲಿ ವಾಪಸಾದವರ ಲೆಕ್ಕ ಸ್ಟಾಕ್ ರಿಜಿಸ್ಟರ್‌ನಲ್ಲಿ ಸಿಗುವುದಿಲ್ಲ. ಹಾಗಾಗಿ ಸಭೆಯ ಮೊದಲ ಠರಾವು ಇದಾಗಲಿ: ಬಂದ ದಿನಾಂಕ, ಹಿಮೋಫಿಲಿಯಾ ವಿಧ, ತೂಕ, ಬೇಕಾದ ಯೂನಿಟ್, ಕೊಟ್ಟ ಯೂನಿಟ್ ಇವಿಷ್ಟನ್ನು ತುರ್ತು ಚಿಕಿತ್ಸಾ ಘಟಕದಲ್ಲೇ ಬರೆದಿಡಬೇಕು. ಬೇಕಾದದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರ ಇಂಡೆಂಟ್‌ಗೆ ಸೇರಬೇಕು. ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ಹೆಚ್ಚುವರಿ ವಯಲ್‌ಗಳನ್ನು, 2ರಿಂದ 8 ಡಿಗ್ರಿ ತಂಪು ಕೆಡದಂತೆ, ಪಕ್ಕದ ಜಿಲ್ಲೆಗೆ ಸಾಗಿಸುವ ಏರ್ಪಾಡೂ ಇರಲಿ.

ಸಭೆಗೆ ಹೋಗುವ ರೋಗಿಗಳೇ, ಮನೆಯವರೇ, ನಡವಳಿಯನ್ನು ವಾರದೊಳಗೆ ಲಿಖಿತವಾಗಿ ಪಡೆಯಿರಿ. ಅದರ ಒಂದೊಂದು ಪ್ರತಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಹೋಗಲಿ. ಮುಂದಿನ ಸಭೆ ಭಾಷಣದಿಂದಲ್ಲ, ಅನುಪಾಲನಾ ವರದಿಯಿಂದ ಶುರುವಾಗಲಿ. ವರದಿ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ‘ಏಕೆ ಕೊಡಲಿಲ್ಲ’ ಎಂದು ಕೇಳಿದರೆ ಜಾರಿಕೊಳ್ಳಲು ದಾರಿ ಸಿಗುತ್ತದೆ. ಇಂತಿಂಥ ತಿಂಗಳ ಸ್ಟಾಕ್ ರಿಜಿಸ್ಟರ್ ಮತ್ತು ಇಂಡೆಂಟ್‌ನ ದೃಢೀಕೃತ ಪ್ರತಿ ಎಂದೇ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಲ್ಲಿಂದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.

– ಹಿಮೋಫಿಲಿಯಾ ರೋಗಿಗಳ ಪರ ಕಾರ್ಯಕರ್ತರು, ಬೆಂಗಳೂರು