ವಜಾ ಮಾಡಿದರೂ ಕಮಿಷನ್ ನಿನ್ನದೇ: ಗೆಳೆಯನಿಗೊಂದು ಪತ್ರ

ಬೆಂಗಳೂರು

ಪ್ರಿಯ ಮಂಜುನಾಥ,

ನಿನ್ನನ್ನು ಕೆಲಸದಿಂದ ತೆಗೆದುಹಾಕಿ, ಸರ್ಜಾಪುರ ರಸ್ತೆಯಲ್ಲಿ ನೀನು ಮಾರಿಕೊಟ್ಟ ಫ್ಲ್ಯಾಟುಗಳ ಕಮಿಷನ್ನನ್ನೂ ತಡೆಹಿಡಿದಿದ್ದಾರೆಂದು ತಿಳಿದು ಬಹಳ ಸಂಕಟವಾಯಿತು. ಭಾನುವಾರವೂ ಬಿಡುವಿಲ್ಲದೆ ಗಿರಾಕಿಗಳನ್ನು ಸೈಟಿಗೆ ಕರೆದೊಯ್ದು, ಅವರ ಬ್ಯಾಂಕ್ ಸಾಲದ ಕಾಗದಪತ್ರಗಳಿಗಾಗಿ ಅಲೆದವನು ನೀನು. ನೋಂದಣಿಗೆ ಮುಂಚೆ ನಿನ್ನನ್ನು ಹೊರಗೆ ಕಳಿಸಿದ ಮಾತ್ರಕ್ಕೆ ಆ ದುಡಿಮೆ ಬೇರೆಯವರದಾಗುವುದಿಲ್ಲ.

ಮೊದಲು ನೇಮಕಾತಿ ಪತ್ರವನ್ನೂ ಇನ್ಸೆಂಟಿವ್ ಪಾಲಿಸಿಯನ್ನೂ ತೆರೆದು, ಕಮಿಷನ್ ಯಾವ ಹಂತದಲ್ಲಿ ಸಲ್ಲುತ್ತದೆ ಎಂಬುದನ್ನು ನೋಡು. ಬುಕಿಂಗ್ ಹಣ ಬಂದಾಗಲೋ, ಮಾರಾಟದ ಕರಾರು ನೋಂದಣಿಯಾದಾಗಲೋ, ಗಿರಾಕಿ ಪೂರ್ತಿ ಹಣ ಕಟ್ಟಿದಾಗಲೋ ಎಂಬುದರ ಮೇಲೆಯೇ ಇಂಥ ವ್ಯಾಜ್ಯಗಳೆಲ್ಲ ನಿಂತಿರುತ್ತವೆ. ‘ಪಾವತಿಯ ದಿನ ನೌಕರಿಯಲ್ಲಿರಬೇಕು’ ಎಂಬ ಷರತ್ತಿದ್ದರೆ ನಿನ್ನ ದಾರಿ ಕಷ್ಟದ್ದು. ಆದರೆ ಅದು ಬರವಣಿಗೆಯಲ್ಲಿ ಇಲ್ಲದಿದ್ದರೆ, ಎಚ್‌ಆರ್‌ನವರು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ತಲೆಬಾಗಬೇಡ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ, 2019ರ ಪ್ರಕಾರ, ವಜಾಗೊಂಡವನ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಹಿಂದಿನ 1936ರ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ವೇತನದವರಿಗಷ್ಟೇ ಅನ್ವಯಿಸುತ್ತಿತ್ತು, ಆ ಮಿತಿ ಈಗಿಲ್ಲ. ನಿನ್ನದು ಮ್ಯಾನೇಜರ್ ಹುದ್ದೆಯೆಂಬುದೂ ಅಡ್ಡಿಯಲ್ಲ. ತೊಡಕಿರುವುದು ವೇತನದ ವ್ಯಾಖ್ಯೆಯಲ್ಲಿ. ಅದರಿಂದ ಕಮಿಷನ್ನನ್ನು ಹೊರಗಿಟ್ಟಿದ್ದಾರೆ. ಹಾಗೆ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದಾಗ, ಮೀರಿದಷ್ಟು ಮಾತ್ರ ವೇತನಕ್ಕೆ ಸೇರುತ್ತದೆ. ಮೂಲ ಸಂಬಳ 30,000, ಕಮಿಷನ್ 50,000 ಇದ್ದರೆ, ಕಮಿಷನ್ನಿನಲ್ಲಿ 10,000 ಮಾತ್ರ ವೇತನವೆನಿಸುತ್ತದೆ. ಕಮಿಷನ್ನನ್ನೇ ನಂಬಿ ಮನೆ ನಡೆಸುವವರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ವೇತನವೆನಿಸುವ ಭಾಗದ ಬಗ್ಗೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಿರುವ ಕಾರ್ಮಿಕ ಭವನದಲ್ಲಿ ವಿಚಾರಿಸು. ಅರ್ಜಿ ಹಾಕಲು ಮೂರು ವರ್ಷ ಕಾಲಾವಕಾಶವಿದೆ. ಉಳಿದದ್ದನ್ನು ಕರಾರಿನ ಬಾಕಿಯೆಂದು ಸಿವಿಲ್ ನ್ಯಾಯಾಲಯದಲ್ಲಿ ಕೇಳಬೇಕು. 1963ರ ಕಾಲಮಿತಿ ಕಾಯ್ದೆಯಂತೆ ಅಲ್ಲಿಯೂ ಮೂರು ವರ್ಷವೇ. ಆದರೂ ತಡಮಾಡಬೇಡ, ಏಕೆಂದರೆ ಗಿರಾಕಿಗಳ ನೆನಪೂ ಕಚೇರಿಯ ಕಡತಗಳೂ ಬೇಗ ಮಾಸುತ್ತವೆ.

ನಿನ್ನ ಕೈಯಲ್ಲಿರುವ ಬುಕಿಂಗ್ ಫಾರಂ ಪ್ರತಿಗಳನ್ನು ಜೋಪಾನವಾಗಿಡು. ಕೆಳಗಿನ ಮೂಲೆಯಲ್ಲಿ ಗಿರಾಕಿಯ ಸಹಿಯ ಪಕ್ಕದಲ್ಲೇ ನಿನ್ನ ಹೆಸರೂ ಸಹಿಯೂ ಇರುವ ಆ ಹಾಳೆಗಿಂತ ಬಲವಾದ ಸಾಕ್ಷ್ಯ ನಿನಗೆ ಬೇರೆ ಸಿಗಲಾರದು. ಬಾಸ್ ಕಳಿಸಿದ ವಾಟ್ಸಾಪ್ ಸಂದೇಶಗಳಿರುವ ಫೋನನ್ನು ಮಾರಬೇಡ, ರೀಸೆಟ್ ಮಾಡಬೇಡ. ಆದರೆ ಸಿಟ್ಟಿನಲ್ಲಿ ಕಂಪನಿಯ ಲ್ಯಾಪ್‌ಟಾಪಿನಿಂದ ಗಿರಾಕಿಗಳ ಪಟ್ಟಿಯನ್ನು ನಕಲು ಮಾಡಿಕೊಳ್ಳಲು ಹೋಗಬೇಡ. ಹಣ ಕೇಳಲು ಹೋದ ನಿನ್ನ ಮೇಲೆಯೇ ದೂರು ಬೀಳುತ್ತದೆ.

ಇನ್ನು ಆ ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಕಾಗದ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಕೊನೆಯ ಲೆಕ್ಕದ ಕಾಗದ. ‘ಯಾವ ಬಾಕಿಯೂ ಇಲ್ಲ’ ಎಂಬ ಸಾಲು ಅದರಲ್ಲಿದ್ದರೆ ದಯವಿಟ್ಟು ಸಹಿ ಹಾಕಬೇಡ. ಸಂಬಳದ ಹಣ ತುರ್ತಾಗಿ ಬೇಕಾಗಿದ್ದರೆ, ‘ಕಮಿಷನ್ ಬಾಕಿಯ ಹಕ್ಕನ್ನು ಉಳಿಸಿಕೊಂಡು’ ಎಂದು ನಿನ್ನ ಕೈಯಾರೆ ಬರೆದು, ಅದರ ಕೆಳಗೆ ಸಹಿ ಮಾಡಿ, ಒಂದು ಪ್ರತಿಯನ್ನು ಇಟ್ಟುಕೋ.

ಶನಿವಾರ ಎಲ್ಲ ಕಾಗದಗಳನ್ನೂ ತೆಗೆದುಕೊಂಡು ಮನೆಗೆ ಬಾ. ಪ್ರತಿಯೊಂದು ಫ್ಲ್ಯಾಟಿನ ಲೆಕ್ಕವನ್ನೂ ಬಿಡಿಸಿ ಬರೆದು, ಸೋಮವಾರವೇ ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸೋಣ.

ನಿನ್ನ ಗೆಳೆಯ,
ರಾಘು